ಮೀನು ಉಳಿಸಲು ಕೆರೆಯ ಕೋಡಿಗೆ ಅಡ್ಡ ಕಟ್ಟಬೇಡಿ

ಮಾನ್ಯರೇ,

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಗಿಡಕ್ಕೆ ನೀರು ಹೊಡೆಯಲೆಂದು ಕಟ್ಟಿದ ಎಷ್ಟೋ ಕೆರೆಗಳಲ್ಲಿ ಈಗ ಹೋಂಸ್ಟೇ ಅತಿಥಿಗಳು ದೋಣಿ ಹತ್ತುತ್ತಾರೆ, ಗಾಳ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇದಕ್ಕಾಗಿ ಮಾಡುವ ಎರಡು ಕೆಲಸ ಕೆರೆಯ ಮಣ್ಣಿನ ಏರಿಗೆ, ಅಂದರೆ ನೀರು ತಡೆಯುವ ಕಟ್ಟೆಗೆ, ಮಾರಕ. ಸಾಕಿದ ಕಾಟ್ಲಾ, ರೋಹು ಹೊರಹೋಗದಿರಲೆಂದು, ಹೆಚ್ಚಾದ ನೀರು ಹೊರಹರಿಯುವ ಕೋಡಿಗೆ ಬಲೆ ಬಿಗಿಯುವುದು ಒಂದು. ದೋಣಿಗೆ ನೀರು ಸಾಲದೆಂದು ಕೋಡಿಯ ಮೇಲೆ ಮರಳು ಚೀಲ ಪೇರಿಸುವುದು ಇನ್ನೊಂದು. ಮುಂಗಾರು ಹಿಡಿಯುವ ಮೊದಲು ಎರಡನ್ನೂ ತೆಗೆಯಬೇಕು.

ಲೆಕ್ಕ ಹಾಕಿ ನೋಡಿ. ಸುತ್ತಲಿನ 20 ಎಕರೆಯ ನೀರು ಬಂದು ಸೇರುವ ಕೆರೆ ಎನ್ನೋಣ. ಆಷಾಢದ ಹೊತ್ತಿಗೆ ನೆಲ ನೀರು ಕುಡಿದು ತಣಿದಿರುತ್ತದೆ, ಬಿದ್ದದ್ದರಲ್ಲಿ ನೂರಕ್ಕೆ 70 ಪಾಲು ಹರಿದೇ ಬರುತ್ತದೆ. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆ ಹೊಡೆದರೆ ಕೆರೆಗೆ ಸೆಕೆಂಡಿಗೆ ಸುಮಾರು 1,570 ಲೀಟರ್ ನುಗ್ಗುತ್ತದೆ. ಕೋಡಿ 18 ಅಡಿ ಅಗಲವಿದ್ದರೆ ಅಷ್ಟೂ ನೀರು ಒಂದಡಿ ಆಳದಲ್ಲಿ ಹರಿದು ಹೋಗುತ್ತದೆ. ಕೋಡಿಯ ಮಟ್ಟಕ್ಕಿಂತ ಏರಿಯ ನೆತ್ತಿ 3 ಅಡಿ ಎತ್ತರವಿದ್ದರೆ ಇನ್ನೂ 2 ಅಡಿ ಉಳಿಯಿತು. ಅದೇ ಬಲೆಗೆ ಸಿಲ್ವರ್ ಓಕ್ ಎಲೆ, ಪಾಚಿ, ರೆಂಬೆ ಸಿಕ್ಕಿ ಕೋಡಿಯ ಮುಕ್ಕಾಲು ಬಾಯಿ ಮುಚ್ಚಿತೆನ್ನಿ, ಆಗ ನೀರು ಎರಡೂವರೆ ಅಡಿ ಏರಿದರಷ್ಟೇ ಹೊರಬೀಳಲು ಸಾಧ್ಯ. ಒಂದಡಿ ಮರಳು ಚೀಲವೂ ಇದ್ದರೆ ಮೂರೂವರೆ ಅಡಿ. ಅಂದರೆ ನೀರು ಏರಿಯನ್ನೇ ಹತ್ತಿ ಆಚೆ ಸುರಿಯುತ್ತದೆ. ಹಾಗೆ ಸುರಿಯುವ ನೀರು ಹಿಂಬದಿಯ ಇಳಿಜಾರನ್ನು ಬುಡದಿಂದ ಕೊರೆಯುತ್ತ ಮೇಲೆ ಬರುತ್ತದೆ. ಕೊರೆತ ಒಮ್ಮೆ ಶುರುವಾದ ಮೇಲೆ ಮಣ್ಣು ಸುರಿದು ನಿಲ್ಲಿಸಲಾಗದು. ಒಂದು ಎಕರೆ ವಿಸ್ತಾರ, ಸರಾಸರಿ 8 ಅಡಿ ಆಳದ ಕೆರೆಯಲ್ಲಿ ಸುಮಾರು ಒಂದು ಕೋಟಿ ಲೀಟರ್ ನೀರಿರುತ್ತದೆ. ಮಲೆನಾಡಿನ ಕಣಿವೆಗಳಲ್ಲಿ ಒಂದರ ಕೆಳಗೊಂದು ಕೆರೆ. ಮೇಲಿನದು ಒಡೆದರೆ ಕೆಳಗಿನದನ್ನೂ ಎಳೆದುಕೊಂಡೇ ಹೋಗುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1889ರ ಮೇ 31ರಂದು ಒಡೆದ ಸೌತ್ ಫೋರ್ಕ್ ಅಣೆಯೂ ಮಣ್ಣಿನದೇ. ಸಿರಿವಂತರ ಮೀನುಗಾರಿಕೆ, ಬೇಟೆಯ ಕ್ಲಬ್ಬೊಂದು ಅದನ್ನು ವಿಹಾರಕ್ಕೆ ಇಟ್ಟುಕೊಂಡಿತ್ತು. ಸಾರೋಟು ಓಡಾಡಲೆಂದು ಏರಿಯ ನೆತ್ತಿ ತಗ್ಗಿಸಿದ್ದರು, ಕೋಡಿಗೆ ಮೀನು ತಡೆಯುವ ಜಾಲರಿ ಹಾಕಿದ್ದರು, ಮೊದಲೇ ಕಿತ್ತುಹಾಕಿದ್ದ, ತಳದಿಂದ ನೀರು ಬಿಡುವ ತೂಬಿನ ಕೊಳವೆಗಳನ್ನು ಮತ್ತೆ ಹಾಕಿಸಿರಲಿಲ್ಲ. ಜಾಲರಿಗೆ ಕಸ ಕಟ್ಟಿತು, ನೀರು ಏರಿಯನ್ನೇ ಹತ್ತಿ ಆಚೆ ಸುರಿಯಿತು. ಕೆಳಗಿನ ಜಾನ್ಸ್‌ಟೌನ್ ಕೊಚ್ಚಿಹೋಗಿ 2,209 ಜನ ಸತ್ತರು. ನಮ್ಮ ತೋಟದ ಕೆರೆಗಳು ಅದರ ಮುಂದೆ ಬಹಳ ಚಿಕ್ಕವು, ಆದರೆ ಮಾಡುತ್ತಿರುವ ತಪ್ಪು ಅದೇ.

ಮೀನು ಉಳಿಸಲು ಬೇರೆ ದಾರಿಯಿದೆ. ಕೋಡಿಯನ್ನು ಅಗಲ ಮಾಡಿ. ಮೂರ್ನಾಲ್ಕು ಅಂಗುಲದ ತೆಳು ಹರಿವಿನಲ್ಲಿ ದೊಡ್ಡ ಮೀನು ಹೊರಬೀಳುವುದು ಕಡಿಮೆ. ಬಲೆ ಬೇಕೇ ಬೇಕೆಂದರೆ ಕೋಡಿಯ ಬಾಯಲ್ಲಿ ಬೇಡ. ಹತ್ತಡಿ ಒಳಗೆ, ನೀರಿನಲ್ಲಿ ಅರ್ಧಚಂದ್ರಾಕಾರವಾಗಿ, ಕೋಡಿಯ ಮೂರರಷ್ಟು ಉದ್ದಕ್ಕೆ ಹಾಕಿ. ಅದರ ಮೇಲಂಚು ಕೋಡಿಯ ಮಟ್ಟಕ್ಕಿಂತ ಅರ್ಧ ಅಡಿಗಿಂತ ಎತ್ತರ ಇರಬಾರದು. ಆಗ ಕಸ ಕಟ್ಟಿಕೊಂಡರೂ ನೀರು ಬಲೆಯ ಮೇಲಿಂದ ಹಾಯುತ್ತದೆ. ಭಾರಿ ಮಳೆಯ ದಿನ ನಾಲ್ಕು ಮೀನು ಹೋದರೆ ಹೋಗಲಿ.

ಇನ್ನು ಏರಿಯೊಳಗಿನ ಒಸರು. ಹಿಂಬದಿಯ ಬುಡದಲ್ಲಿ ತಿಳಿನೀರು ಒಸರಿದರೆ ಗಾಬರಿ ಬೇಡ, ಅಳೆಯಿರಿ: 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ವಾರಕ್ಕೊಮ್ಮೆ, ಅಂದಿನ ನೀರಿನ ಮಟ್ಟದ ಜೊತೆಗೆ ಬರೆದಿಡಿ. ಮಟ್ಟ ಏರದೆ ಒಸರು ಹೆಚ್ಚಿದರೆ ಎಚ್ಚರ. ನೀರು ಕೆಂಪಗೆ, ಕದಡಿ ಬಂದರೆ ಏರಿಯ ಒಳಮಣ್ಣು ಹೊರಬರುತ್ತಿದೆ ಎಂದೇ ಅರ್ಥ. ಆಗ ಬಹುತೇಕರು ಮಾಡುವುದು ಹೊರಗಿನಿಂದ ಜೇಡಿಮಣ್ಣು ಮೆತ್ತಿ ತೂತು ಮುಚ್ಚುವ ಕೆಲಸ. ಅದು ತಪ್ಪು. ನೀರಿನ ಒತ್ತಡ ಒಳಗೇ ಉಳಿದು ಬೇರೆಡೆ ಒಡೆಯುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಒಸರಿನ ಮೇಲೆ ಅರ್ಧ ಅಡಿ ದಪ್ಪ ಮರಳು, ಅದರ ಮೇಲೆ ಅರ್ಧ ಅಡಿ ಜಲ್ಲಿ, ಅದರ ಮೇಲೆ ಸೈಜುಗಲ್ಲು ಹೇರಿ, ಈ ಕ್ರಮ ತಲೆಕೆಳಗಾಗಬಾರದು. ಜೊತೆಗೇ ತೂಬು ತೆರೆದು ಮಟ್ಟ ಇಳಿಸಿ. ತುರ್ತಿಲ್ಲದಿದ್ದರೆ ದಿನಕ್ಕೆ ಒಂದಡಿ ಸಾಕು, ನೀರನ್ನು ಒಮ್ಮೆಲೇ ಇಳಿಸಿದರೆ ನೆನೆದ ಒಳಬದಿ ಕುಸಿದು ಬೀಳುತ್ತದೆ.

ಒಸರಿಗೆ ಸಾಮಾನ್ಯ ಕಾರಣ, ಏರಿಯನ್ನು ಜೆಸಿಬಿಯಿಂದ ಸೀಳಿ ಪಿವಿಸಿ ಪೈಪು ಹಾಕಿ ಮಣ್ಣನ್ನು ಸುಮ್ಮನೆ ತಳ್ಳಿ ಮುಚ್ಚಿರುವುದು. ಸಡಿಲ ಮಣ್ಣಿನಲ್ಲಿ ಪೈಪಿನ ಗುಂಟವೇ ನೀರು ದಾರಿ ಮಾಡಿಕೊಳ್ಳುತ್ತದೆ. ಹದವಾಗಿ ನೆನೆಸಿದ ಮಣ್ಣನ್ನು ಆರಾರು ಅಂಗುಲ ಹಾಕುತ್ತ ದಿಮ್ಮಸು ಹೊಡೆದು ಗಟ್ಟಿ ಮಾಡಬೇಕು. ಹೆಗ್ಗಣ, ಏಡಿಯ ಬಿಲಗಳನ್ನೂ ಅಗೆದು ಹೀಗೇ ತುಂಬಬೇಕು. ನೆರಳಿಗೆಂದು ಏರಿಯ ಮೇಲೆ ಮರ ನೆಡಬೇಡಿ. ಗಾಳಿಗೆ ಬುಡ ಕಿತ್ತರೆ ಏರಿಯ ತುಂಡೇ ಹೋಗುತ್ತದೆ, ಕಡಿದರೆ ಬೇರು ಕೊಳೆತು ಸುರಂಗವಾಗುತ್ತದೆ. ಗರಿಕೆ ಅಥವಾ ಲಾವಂಚ ಸಾಕು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಮೀರಿದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರಿನವುಗಳಿಗೆ ಅನ್ವಯಿಸುತ್ತದೆ. ಹದಿನೈದು–ಇಪ್ಪತ್ತು ಅಡಿಯ ತೋಟದ ಏರಿ ಅದರ ವ್ಯಾಪ್ತಿಗೆ ಬಾರದು. ಹೋಂಸ್ಟೇ ನೋಂದಣಿ ಮಾಡುವ ಪ್ರವಾಸೋದ್ಯಮ ಇಲಾಖೆಯು ದೋಣಿ ಬಿಡುವ ಖಾಸಗಿ ಕೆರೆಗಳಿಗೆ ಒಂದು ಷರತ್ತು ಹಾಕಲಿ: ಪ್ರತಿ ಮೇ ತಿಂಗಳಲ್ಲಿ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್ ಒಬ್ಬರು ಕೋಡಿಯ ಅಗಲ, ಏರಿಯ ನೆತ್ತಿ, ತೂಬು ಮೂರನ್ನೂ ನೋಡಿ ಸಹಿ ಹಾಕಬೇಕು. ಆ ಹಾಳೆಯ ಪ್ರತಿ, ಕೆರೆಯ ಕೆಳಗೆ ವಾಸಿಸುವ ಮನೆಗಳ ಫೋನ್ ನಂಬರುಗಳೊಂದಿಗೆ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಲಿ.

— ಇಬ್ಬರು ಓದುಗರು, ಸಕಲೇಶಪುರ ತಾಲ್ಲೂಕು