ಅಜ್ಜಿಯ ಮುಖ ಬರ್ತಿಲ್ಲ ಅಂದೆಯಲ್ಲ

ಶಿರಸಿ

ಪ್ರೀತಿಯ ಮಾಣಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಕೊನೆಯಲ್ಲಿ ಬರೆದ ಒಂದು ಸಾಲು ರಾತ್ರಿ ನಿದ್ದೆ ಮಾಡಗೊಡಲಿಲ್ಲ. "ಫೋಟೊ ನೋಡದೆ ಅಜ್ಜಿಯ ಮುಖ ಬರೆಯೋಕೆ ಬರ್ತಿಲ್ಲ. ಊರು ಬಿಟ್ಟಿದ್ದಕ್ಕೇ ಇರಬೇಕು."

ಮಾಣಿ, ನಾನು ಊರು ಬಿಟ್ಟವನಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದವ. ನನಗೂ ಬರ್ತಿಲ್ಲ. ಕೈ ಬರುತ್ತದೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಸುಲಿದು ಚೊಗರು ಹತ್ತಿ ಕಪ್ಪಾದ ಹೆಬ್ಬೆರಳು, ಉಗುರಿನ ಸಂದಿ, ಇದನ್ನೆಲ್ಲ ಈಗಲೂ ಬರೆದು ತೋರಿಸಬಲ್ಲೆ. ಮುಖಕ್ಕೆ ಬಂದರೆ ಪೆನ್ಸಿಲ್ ನಿಂತುಬಿಡುತ್ತದೆ. ಇದ್ದಾಗ ಒಮ್ಮೆಯೂ ಎದುರು ಕೂರಿಸಿ ಬರೆಯಲಿಲ್ಲ. ಕೊಯ್ಲು ಮುಗಿಯಲಿ ಅಂದೆ, ಮಳೆಗಾಲ ಕಳೆಯಲಿ ಅಂದೆ.

ಅಂಕೋಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದಾಗ, ತರಕಾರಿ ಮಾರಲು ಬರುತ್ತಿದ್ದ ಹಾಲಕ್ಕಿ ಜನಾಂಗದ ಅಜ್ಜಿಯೊಬ್ಬಳನ್ನು ಬರೆದಿದ್ದೆ. ಎಂಟು ದಿನ ಹಿಡಿಯಿತು. ಕೊರಳ ತುಂಬ ಇದ್ದ ಮಣಿಸರಗಳನ್ನು ಒಂದೊಂದಾಗಿ ಎಣಿಸಿ ಬಣ್ಣ ಹಾಕಿದೆ. ಅವಳು ತುಂಬ ಹೊತ್ತು ನೋಡಿದಳು. "ಮಣಿ ನಂದೇ. ಮೋರೆ ಯಾರ್ದು?" ಅಂದಳು. ನನಗೂ ಅವಳಿಗೂ ನಡುವೆ ಬಸಳೆಯ ಬುಟ್ಟಿಯೊಂದೇ ಇತ್ತು, ಮಾಣಿ. ಅಷ್ಟು ಹತ್ತಿರ ಕೂತೂ ನಾನು ಅವಳ ಮುಖ ನೋಡಿರಲಿಲ್ಲ.

ನಿಕೊಲಾಯ್ ಫೆಶಿನ್ ಚಿತ್ರಗಳನ್ನು ನೀನೇ ಅಲ್ವಾ ಕಳಿಸಿದ್ದು? ರಷ್ಯಾದ ಕಜಾನ್ ಊರಿನವ, ಹೆಸರಾಂತ ಚಿತ್ರಕಾರ ರೆಪಿನ್ ಶಿಷ್ಯ. 1923ರಲ್ಲಿ ರಷ್ಯಾ ಬಿಟ್ಟು ಅಮೆರಿಕಕ್ಕೆ ಬಂದು, 1927ರಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್ ಊರು ಸೇರಿದ. ಅಲ್ಲಿಯ ಮೂಲನಿವಾಸಿಗಳ ಮುಖಗಳನ್ನು ಇನ್ನೊಮ್ಮೆ ನೋಡು. ಬಟ್ಟೆ, ಹಿನ್ನೆಲೆಗೆಲ್ಲ ದಪ್ಪ ಬಣ್ಣ ಎಳೆದು ಬಿಟ್ಟಿದ್ದಾನೆ. ಕಣ್ಣು, ಬಾಯಿ ಹತ್ತಿರ ಬಂದಾಗ ಮಾತ್ರ ಕೈ ನಿಧಾನ. ನಾನು ಮಣಿಗೆ ಕೊಟ್ಟ ಹೊತ್ತನ್ನು ಅವನು ಮುಖಕ್ಕೆ ಕೊಟ್ಟ. ಅವರ್ಯಾರೂ ಅವನ ಊರಿನವರಲ್ಲ. ತನ್ನ ಮನೆಯ ಬಾಗಿಲು, ಕಂಬಗಳನ್ನು ಮಾತ್ರ ರಷ್ಯಾದ ರೀತಿಯಲ್ಲಿ ತಾನೇ ಕೆತ್ತಿಕೊಂಡ. 1955ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಅಸ್ಥಿಯನ್ನು ಕಜಾನ್‌ಗೆ ಒಯ್ದದ್ದು 1976ರಲ್ಲಿ. ಇದನ್ನು ಯಾಕೆ ಬರೆದೆನೋ. ಹೆದರಬೇಡ. ನೀನು ಬರುವ ದಾರಿ ತೆರೆದೇ ಇದೆ.

ನಿನಗೆ ಹೇಳಿಕೊಡುವಷ್ಟು ನನಗೆ ಗೊತ್ತಿಲ್ಲ. ಆದರೂ, ಆ ಫೋಟೊ ಸ್ವಲ್ಪ ದಿನ ಪೆಟ್ಟಿಗೆಯಲ್ಲಿಟ್ಟು ನೋಡು. ಪಕ್ಕದ ಫಾರ್ಮಿನ ಮುದುಕಿ ಅಂತ ಬರೆದಿದ್ದೆಯಲ್ಲ, ಅವಳನ್ನು ಮಾತಾಡಿಸುತ್ತ ಬರೆ. ಸುಮ್ನೆ ಕೂರಿಸಿದರೆ ಮುಖ ಗಟ್ಟಿಯಾಗಿಬಿಡುತ್ತದೆ. ಅಜ್ಜಿಯನ್ನು ಬೇಕಾದರೆ ಕೈಯಿಂದ ಶುರುಮಾಡು. ಇದು ನನಗೆ ಹೊಳೆಯುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು.

ಊರು ಬಿಟ್ಟಿದ್ದಕ್ಕೇ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡ.

ಒಂದು ಕೇಳಬೇಕಿತ್ತು. ಅವಳ ಕಿವಿಯ ಹಿಂದೆ ಒಂದು ಮಚ್ಚೆ ಇತ್ತು. ಫೋಟೊದಲ್ಲಿ ಕಾಣುವುದಿಲ್ಲ. ಎಡಕ್ಕೋ ಬಲಕ್ಕೋ, ನನಗೆ ಮರೆತುಹೋಗಿದೆ. ನೀನು ಅವಳ ಬೆನ್ನಿಗೆ ಜೋತುಬಿದ್ದು ಬೆಳೆದವ. ನೆನಪಿದ್ದರೆ ಬರೆ.

ನಿನ್ನ
ದೊಡ್ಡಪ್ಪ