ಬಲಗಡೆ ಜೇಬಿನ ಕೋಟು

ಪ್ರೀತಿಯ ಮಂಜು,

ಹೋದ ಭಾನುವಾರ ಇಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಒಂದು ಡಬ್ಬದ ತುಂಬ ಯಾರು ಯಾರದೋ ಮನೆಯ ಫೋಟೋಗಳು. ಅದರಲ್ಲೊಂದನ್ನು ಕೈಗೆ ತಗೊಂಡ ಕೂಡಲೇ ನೀನು ನೆನಪಾದೆ. ಎರಡು ಯೂರೋ ಕೊಟ್ಟು ತಂದೆ. ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ, ಸೂಟು ಹಾಕಿ ನೆಟ್ಟಗೆ ನಿಂತಿದ್ದಾನೆ. ಹಿಂದೆ ಶಾಯಿಯಲ್ಲಿ 'ಮೇ 1927' ಅಂತಿದೆ. ಹೆಸರಿಲ್ಲ.

ಎಡತೋಳಿಗೆ ಅಗಲವಾದ ಬಿಳಿ ರೇಷ್ಮೆ ಪಟ್ಟಿ ಕಟ್ಟಿದ್ದಾರೆ, ತುದಿಗೆ ಕುಚ್ಚು. ಇದನ್ನು 'ಬ್ರಾಸಾರ್' ಅನ್ನುತ್ತಾರೆ. ಆ ವಯಸ್ಸಿಗೆ ಕ್ಯಾಥೊಲಿಕ್ ಮಕ್ಕಳಿಗೆ ಚರ್ಚಿನಲ್ಲಿ ದೊಡ್ಡ ಕಮ್ಯುನಿಯನ್ ಅನ್ನೋ ಧಾರ್ಮಿಕ ಸಮಾರಂಭ ಆಗುತ್ತಿತ್ತು. ಎಷ್ಟೋ ಹುಡುಗರಿಗೆ ಜೀವನದ ಮೊದಲ ಒಳ್ಳೆ ಸೂಟು ಬರುತ್ತಿದ್ದದ್ದೇ ಆ ದಿನಕ್ಕೆ. ಅದಾದ ಮೇಲೆ ಭಾನುವಾರಕ್ಕೆ, ಮದುವೆಗೆ, ಸಾವಿಗೆ ಎಲ್ಲದಕ್ಕೂ ಅದೇ.

ಸೂಟು ಅಂದರೆ ಪ್ಯಾಂಟಲ್ಲ, ಕೋಟಿನ ಬಟ್ಟೆಯಲ್ಲೇ ಹೊಲಿದ ಚಡ್ಡಿ. ಮಂಡಿ ಬರಿದು, ಕೆಳಗೆ ಉದ್ದ ಕಾಲುಚೀಲ. ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನಲ್ಲಿ ಹುಡುಗನ ಕಾಲು ನೋಡಿದರೆ ವಯಸ್ಸು ಸುಮಾರಾಗಿ ಗೊತ್ತಾಗುತ್ತಿತ್ತು. ಚಿಕ್ಕವನಿಗೆ ನಾವಿಕರ ಕಾಲರಿನ ಅಂಗಿ. ಆಮೇಲೆ ಕೋಟು, ಚಡ್ಡಿ. ಮೂವತ್ತರ ದಶಕದಲ್ಲಿ ದೊಡ್ಡ ಹುಡುಗರಿಗೆ ಮಂಡಿಯ ಕೆಳಗೆ ಬಿಗಿಯುವ ದೊಗಲೆ ಗಾಲ್ಫ್ ಪ್ಯಾಂಟು ಬಂತು. ಉದ್ದ ಪ್ಯಾಂಟು ಸಿಗೋದು ಹದಿನೈದರ ಆಸುಪಾಸಿನಲ್ಲಿ. ಶಾಲೆಗೆ ಹೋಗುವಾಗ ಮೇಲೊಂದು ನಿಲುವಂಗಿ, ಜಾಸ್ತಿ ಕಪ್ಪು ಬಣ್ಣದ್ದೇ. ಶಾಯಿ ಚೆಲ್ಲಿದರೂ ಒಳಗಿನ ಬಟ್ಟೆ ಉಳೀಬೇಕಲ್ಲ.

ಈಗ ಜೇಬಿನ ವಿಷಯಕ್ಕೆ ಬರುತ್ತೇನೆ. ಎಡಗಡೆ ಇರಬೇಕಾದ ಎದೆಯ ಜೇಬು ಬಲಗಡೆ ಇದೆ ಕಣೋ! ಫೋಟೋ ಉಲ್ಟಾ ಪ್ರಿಂಟಾಗಿದೆ ಅಂತ ಮೊದಲು ಅಂದುಕೊಂಡೆ. ಆದರೆ ರೇಷ್ಮೆ ಪಟ್ಟಿ ವಾಡಿಕೆಯಂತೆ ಎಡತೋಳಿನಲ್ಲೇ ಇದೆ. ಗುಂಡಿಯೂ ಗಂಡಸರ ಕೋಟಿನ ಹಾಗೆ ಎಡಭಾಗ ಮೇಲೆ ಬಂದು ಹಾಕಿದೆ. ಭೂತಕನ್ನಡಿ ಹಿಡಿದು ನೋಡಿದೆ. ಬಲಭಾಗದ ಅಂಚಿನಲ್ಲಿ, ಕಾಲರಿನ ಕೆಳಗೆ, ಗುಂಡಿಯ ಕಾಜಾ ಮುಚ್ಚಿ ರಫು ಮಾಡಿದ ಹಾಗೆ ಒಂದು ಸಣ್ಣ ಗೆರೆ ಇದೆ.

ನಿನಗೆ ಆಗಲೇ ಹೊಳೆದಿರುತ್ತೆ. ಇದು ಮಗುಚಿ ಹೊಲಿದ ಕೋಟು. ನಿಮ್ಮಪ್ಪ ಸವೆದ ಶರ್ಟಿನ ಕಾಲರ್ ಬಿಚ್ಚಿ, ಒಳಮೈ ಮೇಲೆ ಮಾಡಿ ಹಾಕಿಕೊಡುತ್ತಿದ್ದರಲ್ಲ, ಅದೇ ಕೆಲಸ. ಆಗ ಇಲ್ಲಿ ಇಡೀ ಕೋಟನ್ನೇ ಹಾಗೆ ಮಾಡುತ್ತಿದ್ದರು. ಹೊಲಿಗೆಯೆಲ್ಲ ಬಿಚ್ಚಿ, ಬಿಸಿಲಿಗೆ ಬಣ್ಣ ಹೋದ ಮೈ ಒಳಗೆ ಹಾಕಿ, ಮಾಸದ ಮೈ ಹೊರಗೆ ತಂದು ಮತ್ತೆ ಹೊಲಿಯುತ್ತಿದ್ದರು. ಆಗ ಎಡದ ಜೇಬು ಬಲಕ್ಕೆ ಬಂದುಬಿಡುತ್ತೆ. ಹಳೇ ಕಾಜಾ ಮುಚ್ಚಿ ಆಚೆ ಕಡೆ ಹೊಸದು ಮಾಡಬೇಕು. ಈ ಹುಡುಗನ ಎದೆಗೆ ಆ ಜೇಬು ದೊಡ್ಡದು, ತುಂಬ ಕೆಳಗೂ ಇದೆ. ದೊಡ್ಡವರೊಬ್ಬರ ಕೋಟನ್ನು ಮಗುಚಿ, ಇವನ ಅಳತೆಗೆ ಕತ್ತರಿಸಿದ್ದಾರೆ.

ಸಿದ್ಧ ಉಡುಪು ಸಿಗುತ್ತಿರಲಿಲ್ಲ ಅಂತಲ್ಲ. ಪ್ಯಾರಿಸ್ಸಿನ ಬೆಲ್ ಜಾರ್ದಿನಿಯೇರ್ ಅಂಗಡಿ 1824ರಲ್ಲೇ ಶುರುವಾಗಿತ್ತು. ದೊಡ್ಡ ಅಂಗಡಿಗಳ ಕ್ಯಾಟಲಾಗು ಅಂಚೆಯಲ್ಲೇ ಹಳ್ಳಿಗೂ ಬರುತ್ತಿತ್ತು. ದುಡ್ಡು ಬೇಕಲ್ಲ? ಹೆಂಗಸರ ಪತ್ರಿಕೆಗಳಲ್ಲಿ ಕತ್ತರಿಸುವ ನಕ್ಷೆ ಸಿಗುತ್ತಿತ್ತು. ಅದನ್ನಿಟ್ಟುಕೊಂಡು ಅಮ್ಮಂದಿರು ಮನೆಯಲ್ಲೇ ಹೊಲಿಯುತ್ತಿದ್ದರು.

ಆ ಕೋಟು ಯಾರದ್ದು ಅನ್ನೋದು ನನ್ನನ್ನು ಬಿಡುತ್ತಿಲ್ಲ. ಹುಡುಗ ಹುಟ್ಟಿರೋದು 1915ರ ಸುಮಾರಿಗೆ. ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ 13 ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತರು. ಅಪ್ಪನನ್ನು ಕಳೆದುಕೊಂಡ ಮಕ್ಕಳು ಎಷ್ಟಿದ್ದರೆಂದರೆ, ಅವರನ್ನು ದೇಶವೇ ದತ್ತು ತಗೊಳ್ಳಲು 1917ರಲ್ಲಿ ಕಾನೂನು ಮಾಡಬೇಕಾಯಿತು. ಇವನ ಅಪ್ಪ ಕ್ಯಾಮೆರಾದ ಪಕ್ಕದಲ್ಲೇ ನಿಂತು ನಗುತ್ತಿದ್ದಿರಲಿ ಅಂತ ನನ್ನ ಆಸೆ. ಆದರೂ ಹತ್ತು ವರ್ಷ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಕೋಟನ್ನು ಒಬ್ಬ ಅಮ್ಮ ಹೊರಗೆ ತೆಗೆದು, ದೀಪದ ಮುಂದೆ ಕೂತು ಹೊಲಿಗೆ ಬಿಚ್ಚುವುದು ಕಣ್ಣಿಗೆ ಕಟ್ಟುತ್ತೆ. ಹೊಲಿದವರು ಯಾರೇ ಆಗಲಿ, ಪಳಗಿದ ಕೈ. ಚಡ್ಡಿಯ ಅಂಚಿನ ಮಡಿಕೆ ದಪ್ಪಗಿದೆ. ಹುಡುಗ ಬೆಳೆದರೆ ಬಿಚ್ಚೋಣ ಅಂತ ಬಟ್ಟೆ ಬಿಟ್ಟಿದ್ದಾರೆ.

ಫೋಟೋ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೇನೆ. ಭುಜದ ಹತ್ತಿರ ದೊಡ್ಡದು ಮಾಡಿ ನೋಡು. ತೋಳನ್ನೂ ಬಿಚ್ಚಿ ಹೊಸದಾಗಿ ಕೂರಿಸಿದ್ದಾರೋ, ಇಲ್ಲ ಕೆಳಗಿಂದ ಗಿಡ್ಡ ಮಾಡಿದ್ದಾರಷ್ಟೆಯೋ? ನನ್ನ ಕಣ್ಣಿಗೆ ಗೊತ್ತಾಗುತ್ತಿಲ್ಲ. ನಿಮ್ಮಪ್ಪನಿಗೂ ತೋರಿಸು.

ನಿನ್ನ,
ರವಿ