ಪ್ರಶ್ನೋತ್ತರ ಪುಸ್ತಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ

ಮಾನ್ಯರೇ,

ನಮ್ಮ ಸಹಕಾರಿ ಚಾಲನಾ ಶಾಲೆಯಲ್ಲಿ ಹೆಸರು ಬರೆಸಿದ ದಿನವೇ ನಿಮ್ಮ ಕೈಗೆ ಬರುತ್ತಿದ್ದ ಹಳದಿ ಹೊದಿಕೆಯ ಪ್ರಶ್ನೋತ್ತರ ಪುಸ್ತಿಕೆಯನ್ನು ಮುಂದಿನ ತಿಂಗಳಿನಿಂದ ನಾವು ಕೊಡುವುದಿಲ್ಲ. ಲಿಖಿತ ಪರೀಕ್ಷೆಯ ತಯಾರಿಗೆ ಅದರ ಬದಲಾಗಿ ನಾಲ್ಕು ತರಗತಿಗಳಿರುತ್ತವೆ. ಎರಡು ಕೋಣೆಯೊಳಗೆ, ಒಂದು ಮೈದಾನದಲ್ಲಿ, ಒಂದು ಕಾರಿನ ಮುಂದಿನ ಆಸನದಲ್ಲಿ. ಶುಲ್ಕದಲ್ಲಿ ಬದಲಾವಣೆ ಇಲ್ಲ. ಈಗಾಗಲೇ ಶುಲ್ಕ ಕಟ್ಟಿರುವವರು ಹಳೆಯ ಪುಸ್ತಿಕೆಯನ್ನೇ ಓದಿಕೊಂಡು ಪರೀಕ್ಷೆಗೆ ಹೋಗುತ್ತೇನೆಂದರೆ ಬೇಡವೆನ್ನುವುದಿಲ್ಲ. ಆದರೆ ತರಗತಿಗೂ ಬನ್ನಿ, ನಿಮಗೆ ಅದು ಉಚಿತ.

ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ಈ ಪುಸ್ತಿಕೆಯನ್ನು ಬರೆದವರು ನಾವೇ, ಅಚ್ಚು ಹಾಕಿಸಿದವರೂ ನಾವೇ. ಅದು ಚೆನ್ನಾಗಿ ಓಡಿತು, ಕಿಸೆಗೆ ಹಿಡಿಯುವಷ್ಟು ಚಿಕ್ಕದಾಗಿತ್ತು, ಓದಿದವರಲ್ಲಿ ಬಹಳ ಮಂದಿ ಉತ್ತೀರ್ಣರೂ ಆದರು. ನಮ್ಮ ತರಬೇತುದಾರರೊಬ್ಬರು ಕಂಡ ಒಂದು ಪ್ರಸಂಗ ನಮ್ಮ ಕಣ್ಣು ತೆರೆಸಿತು.

ಅಭ್ಯಾಸ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ವಿದ್ಯಾರ್ಥಿನಿಯೊಬ್ಬರು ಮೊದಲ ಬಾರಿ ಕಾರಿನಲ್ಲಿ ಕುಳಿತಿದ್ದರು. ಚಿಕ್ಕ ರಸ್ತೆಯೊಂದು ದೊಡ್ಡ ರಸ್ತೆಗೆ ಸೇರುವ ತಿರುವು ಎದುರಾಯಿತು. ಕಂಬದ ಮೇಲೆ ತಲೆಕೆಳಗಾದ ತ್ರಿಕೋನ, ಕೆಂಪು ಅಂಚು, ನಡುವೆ ಬಿಳಿ. "ಇದೇನು?" ಎಂದು ನಮ್ಮವರು ಕೇಳಿದರು. "ಹದಿನೇಳನೇ ಪ್ರಶ್ನೆ ಸಾರ್, ಉತ್ತರ ಬಿ" ಎಂದರು ಆಕೆ, ತಡವರಿಸದೆ. "ಸರಿ, ಹಾಗಾದರೆ ಈಗ ಏನು ಮಾಡಬೇಕು?" ಕಾರು ನಿಧಾನವಾಗಿ ಮುಂದಕ್ಕೆ ಉರುಳುತ್ತಲೇ ಇತ್ತು. ದಾರಿ ಬಿಟ್ಟುಕೊಡಿ ಎನ್ನುವ ಫಲಕ ಕಣ್ಣೆದುರಿಗಿದ್ದರೂ ಆಕೆಯ ಕಾಲು ಬ್ರೇಕಿನತ್ತ ಹೋಗಲಿಲ್ಲ. ತರಬೇತುದಾರರ ಬದಿಯಲ್ಲಿರುವ ಎರಡನೆಯ ಬ್ರೇಕ್ ಪೆಡಲ್ ಆ ದಿನ ಕೆಲಸಕ್ಕೆ ಬಂತು.

ತಪ್ಪು ಆ ಹುಡುಗಿಯದಲ್ಲ. ಪುಸ್ತಿಕೆ ಕಲಿಸಿದ್ದನ್ನು ಆಕೆ ಚಾಚೂ ತಪ್ಪದೆ ಕಲಿತಿದ್ದರು. ಪ್ರಶ್ನೆಗಳು ಪ್ರತಿ ಬಾರಿಯೂ ಅದೇ ಕ್ರಮದಲ್ಲಿ, ಉತ್ತರಗಳು ಅದೇ ಜಾಗದಲ್ಲಿ. ಹತ್ತು ಸಲ ತಿರುವಿ ಹಾಕಿದವರ ತಲೆಯಲ್ಲಿ ಉಳಿಯುವುದು ರಸ್ತೆಯಲ್ಲ, ಪುಟದ ಚಿತ್ರ. ಗಣಕಯಂತ್ರದಲ್ಲಿ ನಡೆಯುವ ಪರೀಕ್ಷೆ ಪ್ರಶ್ನೆಗಳನ್ನು ಕಲಸಿ ಕೊಟ್ಟಿತೆಂದರೆ, "ಬಿ" ಇದ್ದಲ್ಲಿ "ಡಿ" ಬಂದಿತೆಂದರೆ, ಆ ಓದೆಲ್ಲ ನೀರಿನಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು: ಪುಸ್ತಿಕೆಯ ಒಂದು ಮುದ್ರಣದಲ್ಲಿ ಎರಡು ಉತ್ತರಗಳು ಅದಲುಬದಲಾಗಿದ್ದವು. ಅದನ್ನು ನಮ್ಮ ಗಮನಕ್ಕೆ ತಂದವರು ಒಬ್ಬರೇ. ಉಳಿದವರೆಲ್ಲ ತಪ್ಪನ್ನೇ ನಿಷ್ಠೆಯಿಂದ ಉರು ಹೊಡೆದಿದ್ದರು. ಅವರೆಲ್ಲರ ಕ್ಷಮೆ ಕೋರುತ್ತೇವೆ.

ಹೊಸ ಕ್ರಮದಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ತರಗತಿಗೆ ಬರಲಾಗದವರು ಈ ಪತ್ರವನ್ನೇ ಇಟ್ಟುಕೊಂಡು ಮನೆಯಲ್ಲಿ ಓದಬಹುದು.

ಮೊದಲ ತರಗತಿ ಸಂಚಾರ ಚಿಹ್ನೆಗಳದ್ದು. ಅವನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಲು ಹೊರಟರೆ ಮುಗಿಯುವುದೇ ಇಲ್ಲ. ಚಿಹ್ನೆಗಳಿಗೂ ಒಂದು ವ್ಯಾಕರಣವಿದೆ. ಆಕಾರ ಮತ್ತು ಬಣ್ಣ ಮೊದಲು ಮಾತನಾಡುತ್ತವೆ, ಒಳಗಿನ ಚಿತ್ರ ಆಮೇಲೆ. 1968ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ರಸ್ತೆ ಚಿಹ್ನೆಗಳ ಅಂತರರಾಷ್ಟ್ರೀಯ ಒಪ್ಪಂದ ಈ ವ್ಯಾಕರಣವನ್ನು ಬಹುಮಟ್ಟಿಗೆ ಒಂದುಗೂಡಿಸಿತು. ತುದಿ ಮೇಲಿರುವ ಕೆಂಪಂಚಿನ ತ್ರಿಕೋನ ಎಚ್ಚರಿಕೆ ಕೊಡುತ್ತದೆ. ಕೆಲವು ದೇಶಗಳಲ್ಲಿ ಅದೇ ಕೆಲಸವನ್ನು ಮೂಲೆಯ ಮೇಲೆ ನಿಂತ ಹಳದಿ ಚೌಕ ಮಾಡುತ್ತದೆ. ಕೆಂಪಂಚಿನ ವೃತ್ತ ಬೇಡವೆನ್ನುತ್ತದೆ ಅಥವಾ ಮಿತಿ ಹಾಕುತ್ತದೆ. ನೀಲಿ ವೃತ್ತ ಹೀಗೆಯೇ ಮಾಡಬೇಕು ಎನ್ನುತ್ತದೆ. ಆಯತಾಕಾರದ ಫಲಕಗಳು ಹೆಚ್ಚಾಗಿ ಮಾಹಿತಿ ಹೇಳುವಂಥವು. ಇಷ್ಟು ತಿಳಿದವರು ಹಿಂದೆಂದೂ ನೋಡದ ಚಿಹ್ನೆ ಪರೀಕ್ಷೆಯಲ್ಲಿ ಬಂದರೂ ಅರ್ಧ ಉತ್ತರವನ್ನು ಆಕಾರದಿಂದಲೇ ಹಿಡಿಯುತ್ತಾರೆ.

ಎಲ್ಲ ತ್ರಿಕೋನಗಳ ತುದಿ ಮೇಲಿದ್ದರೆ ದಾರಿ ಬಿಟ್ಟುಕೊಡಿ ಎನ್ನುವುದು ಮಾತ್ರ ತಲೆಕೆಳಗು. ನಿಲ್ಲಿ ಎನ್ನುವ ಫಲಕಕ್ಕೆ ಮಾತ್ರ ಎಂಟು ಮೂಲೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಧೂಳು, ಹಿಮ, ಕತ್ತಲೆ ಅಕ್ಷರಗಳನ್ನು ಮುಚ್ಚಿಹಾಕಿದರೂ ಅಂಚಿನ ಆಕಾರದಿಂದಲೇ ಗುರುತು ಸಿಗಬೇಕು. ಹಿಂದಿನಿಂದ ನೋಡಿದರೂ, ಎದುರಿನಿಂದ ಬರುವವನು ನಿಲ್ಲಬೇಕಾದವನು ಎಂದು ಗೊತ್ತಾಗಬೇಕು. ಎಂಟು ಮೂಲೆಯ ಯೋಚನೆ 1923ರಲ್ಲಿ ಅಮೆರಿಕದ ಹೆದ್ದಾರಿ ಅಧಿಕಾರಿಗಳ ನಡುವೆ ಹುಟ್ಟಿತು. ಅಪಾಯ ಹೆಚ್ಚಿದಷ್ಟೂ ಫಲಕದ ಬದಿಗಳು ಹೆಚ್ಚಬೇಕು ಎಂಬುದು ಅವರ ಲೆಕ್ಕ. ಆಗ ಬಣ್ಣ ಕೆಂಪಲ್ಲ, ಹಳದಿ! ಬಿಸಿಲಿಗೆ ಮಾಸದ ಕೆಂಪು ಸಿಕ್ಕ ಮೇಲೆ, 1954ರಲ್ಲಿ, ಅಲ್ಲಿ ಅದನ್ನು ಕೆಂಪು ಮಾಡಿದರು. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಕಾರಣ ತಿಳಿದ ಚಿಹ್ನೆ ಮರೆತುಹೋಗುವುದಿಲ್ಲ ಎಂಬುದು ನಮ್ಮ ಅನುಭವ.

ಮೈದಾನದ ತರಗತಿಯ ಬಗ್ಗೆ ನಮಗೆ ಹೆಚ್ಚು ಉತ್ಸಾಹವಿದೆ. "ಎಷ್ಟು ದೂರದಲ್ಲಿ ವಾಹನ ನಿಲ್ಲುತ್ತದೆ?" ಎಂಬ ಪ್ರಶ್ನೆಯಲ್ಲಿ ಎಡವುವವರು ಬಹಳ. ಅಂಕಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಮೂವತ್ತಕ್ಕೂ ಅರವತ್ತಕ್ಕೂ ಅದಲುಬದಲು ಮಾಡುತ್ತಾರೆ. ಆದ್ದರಿಂದ ಮೈದಾನದಲ್ಲಿ ಅಳತೆಯ ಟೇಪು ಹಿಡಿದು ನಡೆಸುತ್ತೇವೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ಏನೋ ಅಡ್ಡ ಬಂತೆಂದು ಕಣ್ಣು ಕಂಡು, ತಲೆ ಒಪ್ಪಿ, ಕಾಲು ಬ್ರೇಕಿನ ಮೇಲೆ ಹೋಗಿ ಕೂರಲು ಒಂದು ಸೆಕೆಂಡು ಎಂದಿಟ್ಟುಕೊಳ್ಳೋಣ. ಅದು ಉದಾರ ಲೆಕ್ಕ. ದಣಿದವರಿಗೆ ಇನ್ನೂ ಹೆಚ್ಚು ಬೇಕು. ಆ 17 ಮೀಟರ್ ಉದ್ದಕ್ಕೂ ವಾಹನದ ವೇಗ ಚೂರೂ ಕಡಿಮೆಯಾಗಿರುವುದಿಲ್ಲ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನು ಸುಮಾರು 20 ಮೀಟರ್. ಒಟ್ಟು 37. ವಿದ್ಯಾರ್ಥಿಯೊಬ್ಬರನ್ನು ಆ ತುದಿಯಲ್ಲಿ ನಿಲ್ಲಿಸಿ ಈ ತುದಿಯಿಂದ ನೋಡಲು ಹೇಳುತ್ತೇವೆ. ಆ ಕಡೆ ನಿಂತವರ ಮುಖದ ಭಾವ ಸ್ಪಷ್ಟವಾಗಿ ಕಾಣುವುದಿಲ್ಲ, ಅಷ್ಟು ದೂರ. "ಇಷ್ಟೊಂದಾ?" ಎಂಬ ಉದ್ಗಾರ ಪ್ರತಿ ತಂಡದಲ್ಲೂ ಬರುತ್ತದೆ.

ಅದೇ ಲೆಕ್ಕದಲ್ಲಿ 30ಕ್ಕೆ ಒಟ್ಟು 13 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 5 ಮೀಟರ್ ಇದ್ದದ್ದು 20 ಆಗುತ್ತದೆ. 90ಕ್ಕೆ ಹೋದರೆ ಒಟ್ಟು 70 ಮೀಟರ್ ಹತ್ತಿರ. ಒದ್ದೆ ರಸ್ತೆಯಲ್ಲಿ ಬ್ರೇಕಿನ ಪಾಲು ಸುಮಾರು ಇಮ್ಮಡಿ ಎಂದು ಎಣಿಸಿಕೊಳ್ಳುವುದು ಕ್ಷೇಮ. ಈ ನಾಲ್ಕು ಪಟ್ಟಿನ ಸಂಗತಿಯೊಂದು ತಲೆಗೆ ಹೋದರೆ ಮುಂದಿನ ವಾಹನದಿಂದ ಎಷ್ಟು ಅಂತರ, ಮಳೆಯಲ್ಲಿ ಎಷ್ಟು ವೇಗ, ಶಾಲೆಯ ಬಳಿ ಏಕೆ ನಿಧಾನ ಎಂಬ ಪ್ರಶ್ನೆಗಳೆಲ್ಲ ಒಂದೇ ಬೇರಿನಿಂದ ಚಿಗುರುತ್ತವೆ. ನಿಮ್ಮ ಪರೀಕ್ಷೆಯ ಅಧಿಕೃತ ಕೈಪಿಡಿಯಲ್ಲಿ ಅಂಕಿಗಳು ತುಸು ಬೇರೆ ಇರಬಹುದು, ಏಕೆಂದರೆ ಪ್ರತಿಕ್ರಿಯೆಯ ಸಮಯವನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿಯುತ್ತಾರೆ. ಉತ್ತರ ಬರೆಯುವಾಗ ಕೈಪಿಡಿಯ ಅಂಕಿಯೇ ನಿಮಗೆ ಪ್ರಮಾಣ.

ಅಂತರ ಕಾಯಲು ಟೇಪು ಬೇಕಿಲ್ಲ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಕ್ಷಣದಿಂದ ನೀವು ಅದೇ ಕಂಬವನ್ನು ಮುಟ್ಟುವವರೆಗೆ ಕನಿಷ್ಠ ಎರಡು ಸೆಕೆಂಡು ಇರಬೇಕು. ಮಳೆಯಿದ್ದರೆ ನಾಲ್ಕು. ಚಾಲಕರಲ್ಲದವರೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಇದನ್ನು ಎಣಿಸಬಹುದು. ನಮ್ಮ ತರಬೇತುದಾರರ ಮಕ್ಕಳಿಗೆ ಇದೊಂದು ಆಟವೇ ಆಗಿಬಿಟ್ಟಿದೆ, ಎರಡಕ್ಕಿಂತ ಕಡಿಮೆ ಬಂದರೆ ಚಾಲಕನ ಹೆಸರಿಗೆ ಒಂದು ಕೆಂಪು ಗೆರೆ.

ರಾತ್ರಿಯ ಚಾಲನೆಗೆ ಪುಸ್ತಿಕೆಯಲ್ಲಿ ಒಂದೇ ಪ್ರಶ್ನೆ ಇತ್ತು, ಅದೂ ಎದುರಿನ ವಾಹನ ಬಂದಾಗ ದೀಪ ಡಿಪ್ ಮಾಡಬೇಕು, ಅಂದರೆ ಬೆಳಕನ್ನು ಕೆಳಕ್ಕೆ ಇಳಿಸಬೇಕು ಎಂಬುದು. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಡಿಪ್ ಬೆಳಕು ಮುಂದಿನ 40 ಮೀಟರ್ ರಸ್ತೆಯನ್ನಾದರೂ ತೋರಿಸಬೇಕು ಎಂಬುದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಇಟ್ಟಿರುವ ಕನಿಷ್ಠ ಅಳತೆ. ಈಗ ಮೈದಾನದ ಲೆಕ್ಕವನ್ನು ನೆನಪಿಸಿಕೊಳ್ಳಿ. 80ರ ವೇಗದಲ್ಲಿ ನಿಲ್ಲಲು 57 ಮೀಟರ್ ಬೇಕು. ಬೆಳಕು ಆ ಕನಿಷ್ಠದಷ್ಟೇ ಇದ್ದರೆ, ಕಂಡ ಮೇಲೆ ಬ್ರೇಕ್ ಹಿಡಿದರೂ 17 ಮೀಟರ್ ಸಾಲದೆ ಹೋಗುತ್ತದೆ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ರಾತ್ರಿಯ ವೇಗ.

ಕಾರಿನ ಮುಂದಿನ ಆಸನದ ತರಗತಿಯಲ್ಲಿ ನೀವು ಚಾಲನೆ ಮಾಡುವುದಿಲ್ಲ, ಬಾಯಿಬಿಟ್ಟು ಹೇಳುತ್ತಾ ಹೋಗುತ್ತೀರಿ. "ಮುಂದೆ ಜೀಬ್ರಾ ಪಟ್ಟಿ, ಬದಿಯಲ್ಲಿ ನಿಂತ ಬಸ್ಸು, ಅದರ ಮರೆಯಿಂದ ಯಾರಾದರೂ ಬರಬಹುದು, ವೇಗ ಇಳಿಸಬೇಕು." ಇಷ್ಟೇ. ಮೊದಲ ಹತ್ತು ನಿಮಿಷ ಎಲ್ಲರಿಗೂ ಮುಜುಗರ. ಆಮೇಲೆ ಮಾತು ತಾನಾಗಿ ಬರುತ್ತದೆ. ಯಾರಿಗೆ ಮೊದಲ ಹಕ್ಕು ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾವು ಕಂಡಿಲ್ಲ. ಕಾಗದದ ಮೇಲೆ ಮೂರು ಚೌಕಗಳೂ ಮೂರು ಬಾಣಗಳೂ ಗೊಂದಲ ಹುಟ್ಟಿಸುತ್ತವೆ; ನಿಜವಾದ ಕೂಡುರಸ್ತೆಯಲ್ಲಿ, ಎದುರು ಬರುವವರ ಸಾಲನ್ನು ಅಡ್ಡ ದಾಟಿ ತಿರುಗುವವನು ಏಕೆ ಕಾಯಬೇಕೆಂಬುದು ಹೊಟ್ಟೆಗೇ ಗೊತ್ತಾಗುತ್ತದೆ. ಒಂದು ಮಾತು ಮಾತ್ರ ಮತ್ತೆ ಮತ್ತೆ ಹೇಳುತ್ತೇವೆ: ಹಕ್ಕು ನಿಮ್ಮದೆಂದು ನಿಯಮ ಹೇಳಿದರೂ ಎದುರಿನವನು ಬಿಟ್ಟುಕೊಟ್ಟದ್ದನ್ನು ಕಂಡ ಮೇಲೆಯೇ ಅದನ್ನು ಬಳಸಿ.

ಕೊನೆಯ ತರಗತಿ ಅಭ್ಯಾಸ ಪರೀಕ್ಷೆ. ಪ್ರಶ್ನೆಗಳ ಕ್ರಮ ಪ್ರತಿ ಬಾರಿಯೂ ಬೇರೆ, ಉತ್ತರಗಳ ಕ್ರಮವೂ ಬೇರೆ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿಕೊಂಡು ಮೊದಲು ನಿಮ್ಮ ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಕೈ ತೆಗೆಯಿರಿ. ಆಯ್ಕೆಗಳನ್ನು ಓದಿದ ಮೇಲೆ ಎಲ್ಲವೂ ಸರಿಯೆನಿಸುವ ಕಾಯಿಲೆಗೆ ಇದು ಮದ್ದು. ಪ್ರಶ್ನೆಯಲ್ಲಿ "ಅಲ್ಲ", "ತಪ್ಪಾದದ್ದು ಯಾವುದು", "ಮಾತ್ರ" ಎಂಬ ಪದಗಳಿಗೆ ಗೆರೆ ಎಳೆಯಿರಿ. ಉತ್ತರ ಗೊತ್ತಿದ್ದವರೂ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ತಪ್ಪಿದ ಪ್ರಶ್ನೆಗಳಿಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ಅದರಲ್ಲಿ ಸರಿ ಉತ್ತರವನ್ನಲ್ಲ, ನೀವು ಏಕೆ ತಪ್ಪಿದಿರಿ ಎಂಬುದನ್ನು ಬರೆಯಿರಿ.

ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಗಂಟೆ ಕುಳಿತು ಓದುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಎಂಟು ದಿನ ಓದಿದರೆ ಹೆಚ್ಚು ಉಳಿಯುತ್ತದೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವುದು ಇನ್ನೂ ಮೇಲು. ಮನೆಯಲ್ಲಿ ಯಾರಿಗಾದರೂ ಪಾಠ ಹೇಳಿ. ಮಧ್ಯದಲ್ಲಿ ಎಲ್ಲಿ ತಡವರಿಸುತ್ತೀರೋ ಅಲ್ಲಿಯೇ ನಿಮ್ಮ ಕಲಿಕೆ ಟೊಳ್ಳಾಗಿದೆ.

ಹಾಗೆಂದು ಬಾಯಿಪಾಠವೇ ಬೇಡ ಎಂದರೆ ನಿಮ್ಮನ್ನು ದಾರಿ ತಪ್ಪಿಸಿದಂತೆ. ವೇಗಮಿತಿ, ಮದ್ಯದ ಪ್ರಮಾಣದ ಮಿತಿ, ತಿರುವಿನಿಂದ ಎಷ್ಟು ಮೀಟರ್ ದೂರದಲ್ಲಿ ವಾಹನ ನಿಲ್ಲಿಸಬಹುದು, ಯಾವ ದಾಖಲೆ ಜೊತೆಯಲ್ಲಿರಬೇಕು, ಇವಕ್ಕೆ ತರ್ಕದಿಂದ ಉತ್ತರ ಸಿಗುವುದಿಲ್ಲ. ಉರು ಹೊಡೆಯಲೇಬೇಕು. ಈ ಅಂಕಿಗಳನ್ನು ನಮ್ಮ ತರಬೇತುದಾರರ ಬಾಯಿಂದಲೂ ಕೇಳಬೇಡಿ, ಪರೀಕ್ಷೆ ನಡೆಸುವ ಇಲಾಖೆಯ ಇತ್ತೀಚಿನ ಕೈಪಿಡಿಯಿಂದಲೇ ಬರೆದುಕೊಳ್ಳಿ. ನಿಯಮ ತಿದ್ದುಪಡಿಯಾದರೂ ಹಳೆಯ ಅಂಕಿ ಬಾಯಿಂದ ಬಾಯಿಗೆ ಓಡಾಡುತ್ತಲೇ ಇರುತ್ತದೆ. ನಮ್ಮ ಪುಸ್ತಿಕೆಯನ್ನು ಹಿಂದಕ್ಕೆ ಪಡೆಯುತ್ತಿರುವುದಕ್ಕೆ ಇದೂ ಒಂದು ಕಾರಣ.

ಕೆಲವರು ಈಗಾಗಲೇ ಫೋನ್ ಮಾಡಿ ಕೇಳಿದ್ದಾರೆ, "ನಮಗೆ ಬೇಕಾದದ್ದು ಪರವಾನಗಿ, ಇಷ್ಟೆಲ್ಲ ಏಕೆ?" ಎಂದು. ಪ್ರಶ್ನೆ ನ್ಯಾಯವಾದದ್ದೇ. ಕೆಲಸ ಬಿಟ್ಟು ನಾಲ್ಕು ದಿನ ಬರುವುದು ಎಲ್ಲರಿಗೂ ಸುಲಭವಲ್ಲ. ಅದಕ್ಕಾಗಿ ಪ್ರತಿ ತರಗತಿಯನ್ನು ವಾರದಲ್ಲಿ ಎರಡು ಬಾರಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ನಡೆಸುತ್ತೇವೆ. ಯಾವ ಕ್ರಮದಲ್ಲಾದರೂ ಬನ್ನಿ, ಮೈದಾನದ ತರಗತಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಓದು ಬರಹ ಕಷ್ಟವಾದವರಿಗೆ ಪ್ರಶ್ನೆಗಳನ್ನು ಓದಿ ಹೇಳುವ ಏರ್ಪಾಡಿದೆ, ಹೆಸರು ಬರೆಸುವಾಗಲೇ ಹೇಳಿದರೆ ಸಾಕು. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದವರಿಗೂ ತರಗತಿಗಳಿಗೆ ಮತ್ತೆ ಶುಲ್ಕವಿಲ್ಲ.

ಹಳೆಯ ಪುಸ್ತಿಕೆಯನ್ನು ಹಿಂದಿರುಗಿಸಬೇಕಾಗಿಲ್ಲ. ಚಿಹ್ನೆಗಳ ಪುಟಗಳನ್ನು ಕತ್ತರಿಸಿ, ಹಿಂದೆ ಅರ್ಥ ಬರೆದು, ಚೀಟಿಗಳಾಗಿ ಮಾಡಿಕೊಂಡು ತನ್ನಿ. ಮೊದಲ ತರಗತಿಗೆ ಅವು ಬೇಕಾಗುತ್ತವೆ. ಉತ್ತರಗಳ ಪುಟವನ್ನು ರದ್ದಿಗೆ ಹಾಕಿ.

ಇಂತಿ,
ಸಹಕಾರಿ ಚಾಲನಾ ಶಾಲೆಯ ತರಬೇತಿ ವಿಭಾಗ